ಕಾಯಿ ಹಣ್ಣಾಗುವ ತನಕ: ಕಂಪ್ಯೂಟರಿನಲ್ಲಿ ಆಟ ಕಟ್ಟಲು ಹೊರಟ ಎಳೆಯರಿಗೆ



ನಮ್ಮ ಸಂಘದ ಯಾವ ಸಮಾರಂಭಕ್ಕೆ ಬಂದರೂ ಒಂದು ದೃಶ್ಯ ತಪ್ಪುವುದಿಲ್ಲ. ವೇದಿಕೆಯ ಮೇಲೆ ಭಾಷಣ ನಡೆದಿರುತ್ತದೆ. ಹಿಂದಿನ ಸಾಲಿನಲ್ಲಿ ನೀವು ಐದಾರು ಜನ ತಲೆಗೆ ತಲೆ ಕೂಡಿಸಿ ಮೊಬೈಲಿನಲ್ಲಿ ಆಟ ಆಡುತ್ತಿರುತ್ತೀರಿ. ಹಿರಿಯರು ತಿರುಗಿ ನೋಡಿ ಗದರಿಸುತ್ತಾರೆ. ನಾನು ಗದರಿಸುವವನಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಈ ಆಟವನ್ನು ಯಾರೋ ಕುಳಿತು ಬರೆದಿದ್ದಾರಲ್ಲ, ಆ ಯಾರೋ ನೀವೇ ಏಕಾಗಬಾರದು?

ಬೋಪಾಲಿನ ನಮ್ಮ ಸೊಸೈಟಿಯಲ್ಲಿ ಈ ಪ್ರಶ್ನೆ ಕೇಳಿದಾಗ ಒಬ್ಬ ಹುಡುಗ ತಟ್ಟನೆ ಉತ್ತರ ಕೊಟ್ಟ. "ಅಂಕಲ್, ನನ್ನ ಹತ್ತಿರ ಐಡಿಯಾ ಇದೆ. ಇಡೀ ಅಹಮದಾಬಾದ್ ಆಟದಲ್ಲಿ ಇರಬೇಕು. ಸಾಬರಮತಿ ರಿವರ್‌ಫ್ರಂಟ್, ಬಿಆರ್‌ಟಿಎಸ್ ಬಸ್ಸು, ಉತ್ತರಾಯಣದ ಗಾಳಿಪಟ, ಎಲ್ಲಾ. ಒಂದೇ ಸಲ ನೂರು ಜನ ಆಡಬೇಕು!" ಎಷ್ಟು ಬರೆದಿದ್ದೀಯಪ್ಪಾ ಎಂದು ಕೇಳಿದೆ. "ಇನ್ನೂ ಶುರು ಮಾಡಿಲ್ಲ" ಎಂದ.

ಅವನನ್ನು ನೋಡಿ ನಗಲು ನನಗೆ ಅಧಿಕಾರವಿಲ್ಲ. ಏಕೆಂದರೆ ಕಾಲೇಜಿನ ದಿನಗಳಲ್ಲಿ ನಾನೂ ಇದನ್ನೇ ಮಾಡಿದವನು. ಆಗ ವಾರಕ್ಕೆ ಒಂದು ಗಂಟೆ ಕಂಪ್ಯೂಟರ್ ಸಿಗುತ್ತಿತ್ತು. ನಾನು ಬರೆಯಹೊರಟದ್ದು ಏನು ಗೊತ್ತೇ? ಹದಿನೆಂಟು ಅಕ್ಷೌಹಿಣಿ ಸೈನ್ಯದ ಕುರುಕ್ಷೇತ್ರ ಯುದ್ಧ! ಇನ್ನೂರು ಪುಟದ ನೋಟ್‌ಬುಕ್ಕಿನ ತುಂಬ ರಥಗಳ ಚಿತ್ರ ಬರೆದೆ. ಪರದೆಯ ಮೇಲೆ ಒಂದು ರಥವೂ ಒಂದಂಗುಲ ಕದಲಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಕಥೆ ಅದು. ಆ ನೋಟ್‌ಬುಕ್ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಆದ್ದರಿಂದ ನಿಮಗೆ ನಾನು ಹೇಳಬೇಕಾದದ್ದು ಒಂದೇ ಮಾತು: ಮೊದಲ ಆಟ ಚಿಕ್ಕದಿರಲಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿರುವ ಆಟವಾಗಿರಲಿ, ಮತ್ತು ಅದು ಮುಗಿಯಲಿ.

ದೊಡ್ಡವರೂ ಚಿಕ್ಕದರಿಂದಲೇ ಆರಂಭಿಸಿದರು

1972ರಲ್ಲಿ ಅಮೆರಿಕದ ಅಟಾರಿ ಕಂಪನಿಗೆ ಅಲನ್ ಆಲ್ಕಾರ್ನ್ ಎಂಬ ತರುಣ ಎಂಜಿನಿಯರ್ ಸೇರಿದರು. ಯಜಮಾನ ನೋಲನ್ ಬುಶ್ನೆಲ್ ಅವರ ಕೈಗೆ ಅಭ್ಯಾಸಕ್ಕೆಂದು ಒಂದು ಸುಲಭದ ಕೆಲಸ ಕೊಟ್ಟರು: ಒಂದು ಚೆಂಡು, ಎರಡು ಹಲಗೆ, ಮೇಲೆ ಅಂಕ. ಅಷ್ಟೇ. ಆ ಅಭ್ಯಾಸದ ಪಾಠವೇ 'ಪಾಂಗ್' ಎಂಬ ಆಟವಾಗಿ ಜಗತ್ತನ್ನೆಲ್ಲ ಸುತ್ತಿತು. 1980ರ ದಶಕದ ನಡುವಿನಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ 'ಟೆಟ್ರಿಸ್' ಬರೆದಾಗ ಅವರ ಯಂತ್ರಕ್ಕೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನೇ ಇಟ್ಟಿಗೆಗಳಂತೆ ಜೋಡಿಸಿ ಅವರು ಆಟ ಕಟ್ಟಿದರು. ಚಿತ್ರ, ಬಣ್ಣ, ಸಂಗೀತ ಎಲ್ಲವೂ ಆಮೇಲಿನ ಮಾತು. ಆಟವೆಂದರೆ ಮೊದಲು ನಿಯಮ.

ಆಟ ಕಟ್ಟುವುದು ನಮ್ಮ ನಾಡಿಗೂ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹಲಗೆ ಆಟಗಳನ್ನು ರಚಿಸಿದವರು. ಚದುರಂಗದ ಕುದುರೆ ಒಂದು ಮನೆಯನ್ನೂ ಬಿಡದೆ, ಒಂದು ಮನೆಗೂ ಎರಡು ಸಲ ಹೋಗದೆ ಹಲಗೆಯನ್ನೆಲ್ಲ ಸುತ್ತುವ ದಾರಿಗಳನ್ನು ಅವರು ಹುಡುಕಿ ದಾಖಲಿಸಿದ್ದಾರೆ. ಇಂದು ಅದೇ ಲೆಕ್ಕವನ್ನು ಕಂಪ್ಯೂಟರ್ ವಿಜ್ಞಾನದ ತರಗತಿಗಳಲ್ಲಿ ವಿದ್ಯಾರ್ಥಿಗಳಿಗೆ ಕೊಡುತ್ತಾರೆ. ಮುಂದಿನ ಸಲ ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಬರೆದಿರುವ ಆಟದ ಹಲಗೆಗಳನ್ನು ನೋಡಿ ಬನ್ನಿ.

ನಮ್ಮ ಮೊದಲ ಆಟ: ಚೌಕಾಬಾರ

ಹಾಗಾದರೆ ಯಾವ ಆಟ? ನನ್ನ ಸಲಹೆ ಚೌಕಾಬಾರ. ಕೆಲವು ಕಡೆ ಇದನ್ನು ಕಟ್ಟೆಮನೆ ಎನ್ನುತ್ತಾರೆ. ನಿಮ್ಮ ಗುಜರಾತಿ ಸ್ನೇಹಿತರ ಮನೆಯಲ್ಲಿ ಕೇಳಿ ನೋಡಿ, ಅವರ ಬಾ 'ಇಷ್ಟೋ' ಎಂದು ಇದೇ ಬಗೆಯ ಆಟವನ್ನು ನೆನೆಸಿಕೊಳ್ಳುತ್ತಾರೆ. ತೆಲುಗರಿಗೆ ಇದು ಅಷ್ಟಾ ಚಮ್ಮಾ.

ನಿಯಮಗಳು ಸ್ಥೂಲವಾಗಿ ಹೀಗೆ. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ನಾಲ್ಕು ಬದಿಗಳ ನಡುಮನೆಗಳಿಗೂ ಹಲಗೆಯ ನಟ್ಟನಡುವಿನ ಮನೆಗೂ ಅಡ್ಡಗೀಟು ಎಳೆದಿರುತ್ತದೆ. ಇವು ಕಟ್ಟೆಗಳು, ಇಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಮ್ಮ ಬದಿಯ ಕಟ್ಟೆಯಿಂದ ಹೊರಟು, ಗಡಿಯಾರದ ಮುಳ್ಳಿಗೆ ಎದುರಾಗಿ ಹೊರಸುತ್ತನ್ನು ಮುಗಿಸಿ, ಒಳಸುತ್ತಿಗೆ ಇಳಿದು, ಅಲ್ಲಿ ಮುಳ್ಳಿನ ದಿಕ್ಕಿನಲ್ಲಿ ತಿರುಗಿ ನಡುಮನೆ ಸೇರಬೇಕು. ಅಲ್ಲಿ ಸೇರಿದ ಕಾಯಿಗೆ 'ಹಣ್ಣಾಯಿತು' ಎನ್ನುತ್ತಾರೆ. ಎಂಥ ಚೆಂದದ ಮಾತು ನೋಡಿ!

ದಾಳವಾಗಿ ನಾಲ್ಕು ಕವಡೆ. ಅಂಗಾತ ಬಿದ್ದವು ಎಷ್ಟೋ ಅಷ್ಟು ಗರ: ಒಂದು, ಎರಡು, ಮೂರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಕವಡೆ ಹಾಕುವ ಹಕ್ಕು.

ಸಲಕರಣೆ ಏನು ಬೇಕು?

ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಸಾಕು. ಭಾಷೆ 'ಪೈಥಾನ್' ಇರಲಿ. 1991ರಲ್ಲಿ ಗೀಡೋ ವಾನ್ ರೋಸಮ್ ಹೊರತಂದ ಈ ಪ್ರೋಗ್ರಾಮಿಂಗ್ ಭಾಷೆ ಉಚಿತ, ಓದಲು ಸರಳ. ನಿಮ್ಮಲ್ಲಿ ಹಲವರಿಗೆ ತಿಳಿಯದ ಒಂದು ಸಂಗತಿ ಹೇಳುತ್ತೇನೆ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ನೀವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲೇ ಇರಬಹುದು. ಆಜ್ಞೆಯ ಪದಗಳು ಇಂಗ್ಲಿಷಿನವೇ ಆದರೂ 'ಕವಡೆ', 'ಕಾಯಿ', 'ಕಟ್ಟೆ', 'ಸರದಿ' ಎಂದು ಹೆಸರಿಟ್ಟರೆ ಯಂತ್ರ ತಕರಾರಿಲ್ಲದೆ ಒಪ್ಪುತ್ತದೆ. ಕನ್ನಡ ಬರೆಯಲು ಕೈ ತಡವರಿಸುವ ನಿಮಗೆ ಇದಕ್ಕಿಂತ ಒಳ್ಳೆಯ ಕಾಪಿ ಪುಸ್ತಕ ಇನ್ನೆಲ್ಲಿ ಸಿಕ್ಕೀತು?

ತಮ್ಮ ತಂಗಿಯರು ತೀರ ಚಿಕ್ಕವರಾಗಿದ್ದರೆ 'ಸ್ಕ್ರ್ಯಾಚ್' ಕೊಡಿ. ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಮಕ್ಕಳಿಗೆಂದೇ ಹೊರತಂದದ್ದು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಟ ಕಟ್ಟಬಹುದು.

ಕಲಿಯಬೇಕಾದ ವಿಷಯ ಮೊದಲಿಗೆ ನಾಲ್ಕೇ. ಒಂದು ಬೆಲೆಗೆ ಹೆಸರಿಟ್ಟು ನೆನಪಿನಲ್ಲಿಡುವುದು. ಅನೇಕ ಬೆಲೆಗಳನ್ನು ಒಂದು ಪಟ್ಟಿಯಲ್ಲಿಡುವುದು. 'ಹೀಗಾದರೆ ಹಾಗೆ ಮಾಡು' ಎಂಬ ಷರತ್ತು. 'ಇಲ್ಲಿಯವರೆಗೆ ಮಾಡುತ್ತಲೇ ಇರು' ಎಂಬ ಆವರ್ತನೆ. ಈ ನಾಲ್ಕರಿಂದ ಇಡೀ ಚೌಕಾಬಾರ ಕಟ್ಟಬಹುದು.

ಮೊದಲ ಮೆಟ್ಟಿಲು: ಕವಡೆ

ಮೊದಲ ದಿನ ಹಲಗೆಯನ್ನು ಮರೆತುಬಿಡಿ. ಕವಡೆ ಎಸೆಯುವುದನ್ನು ಮಾತ್ರ ಬರೆಯಿರಿ. ಇಲ್ಲೇ ಹೊಸಬರು ಮುಗ್ಗರಿಸುತ್ತಾರೆ. ಗರಗಳು ಐದು ಬಗೆ, ಆದ್ದರಿಂದ ಐದರಲ್ಲಿ ಯಾವುದಾದರೊಂದನ್ನು ಆರಿಸು ಎಂದು ಯಂತ್ರಕ್ಕೆ ಹೇಳಿಬಿಡುತ್ತಾರೆ. ಆಗ ಐದು ಎಸೆತಕ್ಕೆ ಎರಡು ಸಲದಂತೆ ಚೌಕವೋ ಬಾರವೋ ಬೀಳುತ್ತದೆ. ಆಟದ ರುಚಿಯೇ ಹೋಗುತ್ತದೆ.

ನಿಜವಾದ ಕವಡೆಯ ಲೆಕ್ಕ ಬೇರೆ. ಒಂದು ಕವಡೆ ಅಂಗಾತ ಬೀಳುವ, ಬೋರಲು ಬೀಳುವ ಸಾಧ್ಯತೆ ಸಮ ಎಂದಿಟ್ಟುಕೊಳ್ಳೋಣ. ನಾಲ್ಕು ಕವಡೆಗಳು ಬೀಳುವ ರೀತಿ ಒಟ್ಟು 16. ಅದರಲ್ಲಿ ಒಂದು ಬೀಳುವುದು 4 ರೀತಿ, ಎರಡು ಬೀಳುವುದು 6 ರೀತಿ, ಮೂರು ಬೀಳುವುದು 4 ರೀತಿ. ಚೌಕ ಒಂದೇ ರೀತಿ, ಬಾರವೂ ಒಂದೇ ರೀತಿ. ಎಂದರೆ ಇನ್ನೊಂದು ಎಸೆತದ ಭಾಗ್ಯ ಬರುವುದು ಸರಾಸರಿ ಎಂಟಕ್ಕೆ ಒಂದು ಸಲ. ಅದಕ್ಕೇ ಬಾರ ಬಿದ್ದಾಗ ಅಜ್ಜಿ ಹಾಗೆ ಚಪ್ಪಾಳೆ ತಟ್ಟುವುದು! ಆದ್ದರಿಂದ ಯಂತ್ರಕ್ಕೆ ಒಂದೊಂದು ಕವಡೆಯನ್ನೂ ಬೇರೆಬೇರೆಯಾಗಿ ಎಸೆಯಲು ಹೇಳಿ. ಸೊನ್ನೆ ಅಥವಾ ಒಂದು, ನಾಲ್ಕು ಸಲ, ಬಂದದ್ದನ್ನು ಕೂಡಿಸಿ, ಮೊತ್ತ ಸೊನ್ನೆಯಾದರೆ ಎಂಟು ಎನ್ನಿ.

ಮನೆಯಲ್ಲಿ ಕವಡೆ ಇದ್ದರೆ, ಇಲ್ಲವೇ ಒಂದು ಬದಿ ಉಜ್ಜಿ ಬಿಳಿಯಾಗಿಸಿದ ಹುಣಿಸೆ ಬೀಜ ಇದ್ದರೆ, ನೂರು ಸಲ ಎಸೆದು ಬರೆದಿಡಿ. ಆಮೇಲೆ ಯಂತ್ರಕ್ಕೂ ನೂರು ಸಲ ಎಸೆಯಲು ಹೇಳಿ ಹೋಲಿಸಿ ನೋಡಿ. ನಿಜವಾದ ಕವಡೆ ಪೂರ್ತಿ ಸಮವಾಗಿ ಬೀಳದೆ ಇರಬಹುದು. ಆ ವ್ಯತ್ಯಾಸ ಕಂಡರೆ ಅದನ್ನೂ ಆಟಕ್ಕೆ ಸೇರಿಸಬಹುದು.

ಎರಡನೆಯ ಮೆಟ್ಟಿಲು: ದಾರಿ

ಈಗ ಕಾಗದದ ಮೇಲೆ ಹಲಗೆ ಬರೆದು, ನಿಮ್ಮ ಬದಿಯ ಕಟ್ಟೆಗೆ 0 ಎಂದು ಹೆಸರಿಟ್ಟು, ಕಾಯಿ ನಡೆಯುವ ದಾರಿಯಲ್ಲೇ ಎಣಿಸುತ್ತ ಹೋಗಿ. ಹೊರಸುತ್ತು 0ಯಿಂದ 15, ಒಳಸುತ್ತು 16ರಿಂದ 23, ನಡುಮನೆ 24. ಕಾಯಿ ನಡೆಸುವುದೆಂದರೆ ಇಷ್ಟೇ: ಈಗಿರುವ ಅಂಕಿಗೆ ಗರವನ್ನು ಕೂಡಿಸುವುದು.

ಎದುರಾಳಿಗೂ ಇದೇ ರೀತಿ 0ಯಿಂದ 24ರ ದಾರಿ ಇದೆ, ಆದರೆ ಅವನ ಬದಿಯಿಂದ. ಇಬ್ಬರ ಕಾಯಿ ಒಂದೇ ಮನೆಯಲ್ಲಿವೆಯೇ ಎಂದು ತಿಳಿಯಲು ಅವನ ಅಂಕಿಯನ್ನು ನಿಮ್ಮ ಅಂಕಿಗೆ ಬದಲಿಸಿಕೊಳ್ಳಬೇಕು. ನಿಮ್ಮ ಬಲಗಡೆ ಕೂತವನಾದರೆ ಹೊರಸುತ್ತಿನಲ್ಲಿ ನಾಲ್ಕು ಕೂಡಿಸಿ. 15 ದಾಟಿದರೆ 16 ಕಳೆಯಿರಿ. ಒಳಸುತ್ತಿನಲ್ಲೂ ಹೀಗೆಯೇ ಕೂಡಿಸಲು ಹೋದಿರೋ, ಕೆಟ್ಟಿರಿ! ಅಲ್ಲಿ ದಿಕ್ಕು ತಿರುಗಿದೆಯಲ್ಲವೇ? ಆದ್ದರಿಂದ ಎರಡು ಕಳೆಯಬೇಕು. 16ಕ್ಕಿಂತ ಕಡಿಮೆಯಾದರೆ ಎಂಟು ಕೂಡಿಸಬೇಕು. ಎದುರಿಗೆ ಕೂತವನಾದರೆ ಹೊರಗೆ ಎಂಟು ಕೂಡಿಸಿ, ಒಳಗೆ ನಾಲ್ಕು ಕಳೆಯಿರಿ. ನಂಬಬೇಡಿ, ಹಲಗೆ ಬರೆದು ಬೆರಳಿಟ್ಟು ಎಣಿಸಿ ನೋಡಿ.

ಇಲ್ಲಿಯ ತನಕ ಪರದೆಯ ಮೇಲೆ ಬರಿಯ ಅಂಕಿ ಅಕ್ಷರಗಳಿದ್ದರೆ ಸಾಕು. ಇಬ್ಬರು ಕೂತು ಆಡಲು ಬರುವಂತಾದ ಮೇಲೆ 'ಪೈಗೇಮ್' ಎಂಬ ಉಚಿತ ಸಲಕರಣೆಯಿಂದ ಮನೆಗಳನ್ನು ಬರೆದು ಬಣ್ಣ ತುಂಬಿ. ಕೊನೆಗೆ, ಒಬ್ಬರೇ ಇದ್ದಾಗ ಆಡಲು ಯಂತ್ರವನ್ನೇ ಎದುರಾಳಿ ಮಾಡಿ. ಮೊದಲು ಅದು ಯಾವುದೋ ಒಂದು ಕಾಯಿ ನಡೆಸಲಿ. ಆಮೇಲೆ ಬುದ್ಧಿ ಹೇಳಿಕೊಡಿ: ಹೊಡೆಯಲು ಸಾಧ್ಯವಿದ್ದರೆ ಹೊಡೆ, ಇಲ್ಲವೇ ಕಟ್ಟೆ ಸೇರು, ಅದೂ ಆಗದಿದ್ದರೆ ಮುಂದಿರುವ ಕಾಯಿ ನಡೆಸು. ಈ ಮೂರು ಸಾಲಿನ ಬುದ್ಧಿಗೇ ನೀವು ಎಷ್ಟೋ ಸಲ ಸೋಲುತ್ತೀರಿ!

ಅಜ್ಜಿಗೆ ಫೋನ್ ಮಾಡಿ

ನಿಮ್ಮಲ್ಲಿ ಬಹುಮಂದಿ ಹುಟ್ಟಿ ಬೆಳೆದದ್ದು ಇಲ್ಲೇ. ತಂದೆಯೋ ತಾಯಿಯೋ ಇಸ್ರೋದ ಬಾಹ್ಯಾಕಾಶ ಉಪಯೋಗ ಕೇಂದ್ರಕ್ಕೋ, ಬ್ಯಾಂಕಿಗೋ, ಔಷಧ ಕಂಪನಿಗೋ ಬಂದು ನೆಲೆ ನಿಂತವರು. ನನ್ನ ಮಗಳೂ ನಿಮ್ಮಂತೆಯೇ. ಗುಜರಾತಿ ನೀರು ಕುಡಿದಷ್ಟು ಸಲೀಸು. ಮೈಸೂರಿನ ಅಜ್ಜಿಯೊಂದಿಗೆ ವಾರಕ್ಕೊಮ್ಮೆ ಫೋನಿನ ಮಾತು ಮಾತ್ರ ಹೀಗೆ: "ಊಟ ಆಯ್ತಾ?" "ಆಯ್ತು ಅಜ್ಜಿ." "ಚೆನ್ನಾಗಿ ಓದ್ತಿದ್ದೀಯಾ?" "ಹ್ಞೂಂ ಅಜ್ಜಿ." ಆಮೇಲೆ ಫೋನ್ ನನ್ನ ಕೈಗೆ.

ಕಳೆದ ಬೇಸಿಗೆ ರಜೆಯಲ್ಲಿ ಅವಳು ಚೌಕಾಬಾರ ಬರೆಯತೊಡಗಿದಳು. ಒಂದು ಸಂಜೆ ಯಂತ್ರ ನಿಂತುಬಿಟ್ಟಿತು. 23ನೆಯ ಮನೆಯಲ್ಲಿದ್ದ ಕಾಯಿಗೆ ಎರಡು ಬಿದ್ದಿತ್ತು. 25ನೆಯ ಮನೆ ಪಟ್ಟಿಯಲ್ಲೇ ಇಲ್ಲ ಎಂದು ಯಂತ್ರದ ಗೋಳು. ನನ್ನನ್ನು ಕೇಳಿದಳು, ನನಗೆ ಸರಿಯಾಗಿ ನೆನಪಿರಲಿಲ್ಲ. ಅಜ್ಜಿಗೆ ಫೋನ್ ಹಚ್ಚಿದಳು.

"ಅಜ್ಜಿ, ಹಣ್ಣಾಗೋಕೆ ಒಂದು ಬೇಕು, ಆದರೆ ಎರಡು ಬಿತ್ತು. ಏನು ಮಾಡೋದು?"

"ಆ ಕಾಯಿ ನಡೆಸೋ ಹಾಗಿಲ್ಲ ಕಣೇ. ಬೇಕಾದ ಗರವೇ ಬೀಳಬೇಕು. ಬೇರೆ ಕಾಯಿ ನಡೆಸು."

"ಬೇರೆ ಕಾಯಿ ಇಲ್ಲದಿದ್ದರೆ?"

"ಕವಡೆ ಪಕ್ಕದವರಿಗೆ ಕೊಡು, ಅಷ್ಟೇ! ಅಂದ ಹಾಗೆ, ಒಂದಾದರೂ ಕಾಯಿ ಹೊಡೆದಿದ್ದೀಯಾ? ಹೊಡೆಯದೆ ಒಳಸುತ್ತಿಗೆ ಹೋಗೋ ಹಾಗೇ ಇಲ್ಲ."

ಆ ನಿಯಮ ಅವಳ ಪ್ರೋಗ್ರಾಮಿನಲ್ಲಿ ಇರಲೇ ಇಲ್ಲ! ಅಂದು ಮಾತು ನಲವತ್ತು ನಿಮಿಷ ನಡೆಯಿತು. ಮೂರು ಸಲ ಸಾಲಾಗಿ ಚೌಕ ಬಿದ್ದರೆ? ನಮ್ಮ ಮನೆಯಲ್ಲಿ ಅದು ಸುಟ್ಟುಹೋದಂತೆ. ಹೊಡೆದವರಿಗೆ ಇನ್ನೊಂದು ಎಸೆತ ಉಂಟೇ? ಉಂಟು. ಮಗಳು ಕನ್ನಡದಲ್ಲಿ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಕೊನೆಯಲ್ಲಿ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಒಂದೇ ಮನೆಯಲ್ಲಿ ಎದುರಾಳಿಯ ಎರಡು ಕಾಯಿ ಕೂತಿದ್ದರೆ, ನಾನು ಅಲ್ಲಿಗೆ ಬಂದಾಗ ಎರಡೂ ಸಾಯುತ್ತವೆಯೋ, ಒಂದೋ? ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ನಿಮ್ಮ ತಾತನಿಗೆ ಗೊತ್ತಿತ್ತು. ಅವರು ಹೇಳಿದ್ದೇ ನಮಗೆ ಕಾನೂನು. ನಾನು ಮರೆತುಬಿಟ್ಟೆ ಕಣಮ್ಮ" ಎಂದರು. ನನ್ನ ತಂದೆ ತೀರಿಕೊಂಡು ಒಂಬತ್ತು ವರ್ಷವಾಯಿತು.

ಮಗಳು ಎರಡೂ ಸಾಯುವ ಹಾಗೆ ಬರೆದಳು. ಆ ಸಾಲಿನ ಪಕ್ಕದಲ್ಲಿ ಕನ್ನಡದಲ್ಲೇ ಒಂದು ಟಿಪ್ಪಣಿ ಇಟ್ಟಳು: "ಇದು ನಾನು ಮಾಡಿದ ನಿಯಮ. ತಾತನ ನಿಯಮ ಗೊತ್ತಿಲ್ಲ."

ಮಿತ್ರರೇ, ಕಂಪ್ಯೂಟರಿಗೆ 'ಅದು ಹಾಗೇ' ಎಂದರೆ ಅರ್ಥವಾಗುವುದಿಲ್ಲ. ಪ್ರತಿಯೊಂದನ್ನೂ ಬಿಡಿಸಿ ಹೇಳಬೇಕು. ಪ್ರೋಗ್ರಾಮಿನಲ್ಲಿ ಕಾಣಿಸುವ ಎಷ್ಟೋ ತಪ್ಪುಗಳ ಹಿಂದೆ ನೀವು ಯಾರನ್ನೋ ಕೇಳದೆ ಬಿಟ್ಟ ಒಂದು ಪ್ರಶ್ನೆ ಇರುತ್ತದೆ. ಉತ್ತರ ಗೊತ್ತಿರುವವರು ಇರುವಾಗಲೇ ಕೇಳಿ.

ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಅರೆ ನಿಮಿಷದಲ್ಲಿ ಚೌಕಾಬಾರ ಬರೆದುಕೊಡುತ್ತದಲ್ಲ ಎಂದು ನೀವು ಕೇಳಬಹುದು. ಕೊಡುತ್ತದೆ. ಅರ್ಥವಾಗದ ಕಡೆ ಅದರ ಸಹಾಯ ತೆಗೆದುಕೊಳ್ಳಿ, ತಪ್ಪಿಲ್ಲ. ಆದರೆ ಅದು ಬರೆದುಕೊಡುವುದು ಯಾರದೋ ಮನೆಯ ಚೌಕಾಬಾರ. ಧಾರವಾಡದ ನಿಮ್ಮ ಸೋದರತ್ತೆಯ ಮನೆಯಲ್ಲಿ ಜೋಡಿ ಕಾಯಿಗೆ ಯಾವ ನಿಯಮವಿತ್ತು, ಪುತ್ತೂರಿನ ದೊಡ್ಡಮ್ಮ ಯಾವುದನ್ನು ಮೋಸ ಎನ್ನುತ್ತಿದ್ದರು ಎಂಬುದು ಅದಕ್ಕೆ ಗೊತ್ತಿಲ್ಲ. ಮೊದಲ ಆಟವನ್ನು ನೀವೇ ತಡವರಿಸಿ ಬರೆಯಿರಿ. ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮುಂದೇನು?

ಚೌಕಾಬಾರ ಮುಗಿದ ಮೇಲೆ ಕೈ ಕುದುರಿರುತ್ತದೆ. ಮುಂದೆ ಆಡು-ಹುಲಿ ಆಟವೋ, ಅಳಗುಳಿ ಮಣೆಯೋ ಬರೆಯಬಹುದು. ಓಡುವ, ಹಾರುವ ಆಟ ಬೇಕೆಂದರೆ 2014ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವ 'ಗೊಡೋ' ಎಂಬ ಸಲಕರಣೆಯತ್ತ ಹೋಗಿ. ಅರ್ಜೆಂಟೀನಾದ ಇಬ್ಬರು ಆರಂಭಿಸಿದ ಕೆಲಸ ಅದು.

ಇದು ಹೊಟ್ಟೆ ತುಂಬಿಸುವ ವಿದ್ಯೆಯೇ ಎಂದು ಕೇಳುವ ತಂದೆತಾಯಿಯರಿಗೆ ಎರಡು ಮಾತು. ರಾಜೇಶ್ ರಾವ್ ಎಂಬುವರು 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಎಂಬ ಆಟದ ಕಂಪನಿ ಕಟ್ಟಿದರು. ಆಗ ನಮ್ಮ ದೇಶದಲ್ಲಿ ಅಂಥದೊಂದು ಉದ್ಯಮವೇ ಇರಲಿಲ್ಲವೆನ್ನಬೇಕು. 2019ರಲ್ಲಿ ಪ್ರಸಿದ್ಧ ರಾಕ್‌ಸ್ಟಾರ್ ಗೇಮ್ಸ್ ಕಂಪನಿ ಅದನ್ನು ಕೊಂಡು ತನ್ನ ಭಾರತದ ಶಾಖೆಯೊಳಗೆ ಸೇರಿಸಿಕೊಂಡಿತು. 2020ರಲ್ಲಿ ಪುಣೆಯ ಒಂದು ಚಿಕ್ಕ ತಂಡ 'ರಾಜಿ' ಎಂಬ ಆಟ ತಂದು ನಮ್ಮ ಪುರಾಣದ ಲೋಕವನ್ನು ಹೊರದೇಶದ ಆಟಗಾರರಿಗೂ ತೋರಿಸಿತು. ಇನ್ನು ಓದಿನ ಮಾತು. ನಮ್ಮ ಪಾಲ್ಡಿಯಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಡಿಜಿಟಲ್ ಆಟಗಳ ವಿನ್ಯಾಸವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುತ್ತದೆ. ಎಲ್ಲಿ ಗೊತ್ತೇ? ಬೆಂಗಳೂರಿನ ತನ್ನ ಕ್ಯಾಂಪಸ್ಸಿನಲ್ಲಿ! ಅಹಮದಾಬಾದಿನ ಕನ್ನಡದ ಮಕ್ಕಳಿಗೆ ಇದಕ್ಕಿಂತ ಒಪ್ಪುವ ದಾರಿ ಬೇರೆ ಬೇಕೆ?

ಆದರೆ ಅದೆಲ್ಲ ಮುಂದಿನ ಮಾತು. ಈ ವಾರ ಮಾಡಬೇಕಾದ್ದು ಎರಡೇ ಕೆಲಸ. ನಾಲ್ಕು ಕವಡೆ ಎಸೆಯುವ ಹತ್ತು ಸಾಲು ಬರೆಯಿರಿ. ಊರಿಗೆ ಒಂದು ಫೋನ್ ಮಾಡಿ, "ನಮ್ಮ ಮನೆಯಲ್ಲಿ ಚೌಕಾಬಾರ ಹೇಗೆ ಆಡುತ್ತಿದ್ದರು?" ಎಂದು ಕೇಳಿ, ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ವಡೋದರಾ, ಸೂರತ್ತಿನ ಗೆಳೆಯರನ್ನೂ ಕರೆದು, ಒಬ್ಬೊಬ್ಬರ ಮನೆಯ ಚೌಕಾಬಾರವನ್ನೂ ಹಿಂದಿನ ಸಾಲಿನಲ್ಲಿ ಕೂತು ಆಡೋಣ. ಆ ದಿನ ಗದರಿಸಲು ಬರುವ ಹಿರಿಯರೂ ನಿಮ್ಮ ಪಕ್ಕ ಕುರ್ಚಿ ಎಳೆದುಕೊಂಡು, "ಅಲ್ಲಪ್ಪಾ, ನಮ್ಮ ಕಡೆ ಹಾಗಲ್ಲ" ಎಂದು ಜಗಳಕ್ಕೆ ಕೂರುತ್ತಾರೆ, ನೋಡುತ್ತಿರಿ.

ನನ್ನ ಕುರುಕ್ಷೇತ್ರ ಕಾಯಿಯಾಗಿಯೇ ಉಳಿಯಿತು. ನಿಮ್ಮ ಚೌಕಾಬಾರ ಹಣ್ಣಾಗಲಿ. ಶುಭವಾಗಲಿ.